ವೇಗವೂ ಹೊಣೆಯೂ



ಗಣಕಯಂತ್ರದ ಇತಿಹಾಸವನ್ನು ತಲೆಮಾರುಗಳಾಗಿ ವಿಂಗಡಿಸುವ ವಾಡಿಕೆಯುಂಟು. ನಿರ್ವಾತ ನಳಿಕೆಗಳದು ಮೊದಲನೆಯದು. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರಿನದು ಎರಡನೆಯದು. ಅಂಥ ಅನೇಕ ಟ್ರಾನ್ಸಿಸ್ಟರುಗಳನ್ನು ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸಿದ್ದು ಮೂರನೆಯದು. ಗಣಕದ ಮಿದುಳನ್ನೇ ಆ ಬಿಲ್ಲೆಯಲ್ಲಿ ಅಡಗಿಸಿದ ಮೈಕ್ರೋಪ್ರೊಸೆಸರಿನದು ನಾಲ್ಕನೆಯದು. 1971ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಮೈಕ್ರೋಪ್ರೊಸೆಸರಿನಲ್ಲಿ ಟ್ರಾನ್ಸಿಸ್ಟರುಗಳಿದ್ದುದು ಸುಮಾರು 2,300. ಇಂದು ಸಾವಿರ ಕೋಟಿಯನ್ನು ಮೀರಿದವುಗಳೂ ಇವೆ. ಆದರೆ ಈ ಎಣಿಕೆಯೆಲ್ಲ ಯಂತ್ರದ ದೇಹಕ್ಕೆ ಸಂಬಂಧಿಸಿದ್ದು. ದೇಹ ಬದಲಾದಂತೆ ಸಾಮರ್ಥ್ಯದ ಸ್ವರೂಪವೂ ಬದಲಾಯಿತೆ?

ಇಲ್ಲವೆಂದೇ ಹೇಳಬೇಕಾಗುತ್ತದೆ. ಇಂಥ ಗಣಕಗಳು ಇನ್ನೂ ಇಲ್ಲದಿದ್ದ 1936ರಲ್ಲಿಯೇ ಆಂಗ್ಲ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ತತ್ತ್ವವನ್ನು ಸ್ಥಾಪಿಸಿದನು. ಒಂದೊಂದು ಗಣನೆಗೆ ಒಂದೊಂದು ಯಂತ್ರ ಬೇಕಾಗಿಲ್ಲ. ತಕ್ಕ ಸೂಚನೆಗಳನ್ನಿತ್ತರೆ ಒಂದೇ ಯಂತ್ರವು ಉಳಿದೆಲ್ಲವುಗಳ ಕೆಲಸವನ್ನೂ ಮಾಡಬಲ್ಲದು. ಸಾಕಷ್ಟು ಸ್ಮೃತಿಸ್ಥಾನವನ್ನೂ ಕಾಲವನ್ನೂ ಒದಗಿಸಿದರೆ ಮೊದಲ ತಲೆಮಾರಿನ ಯಂತ್ರಕ್ಕೂ ಇಂದಿನದಕ್ಕೂ ಸಾಧ್ಯವಾಗುವ ಗಣನೆ ಒಂದೇ. ಹಾಗಾದರೆ ಲೋಕವು ಬೆರಗಾಗಿ ನೋಡುವ ಈ ಪ್ರಗತಿಯೆಲ್ಲ ಕೇವಲ ಅವಸರವೇ ಎಂದು ವೈರಾಗ್ಯಶೀಲರು ನಗಬಹುದು. ಆ ನಗೆ ಅಷ್ಟು ಸುಲಭದಲ್ಲಿ ಸಲ್ಲದು.

ಒಂದು ನಿದರ್ಶನವನ್ನು ನೋಡಿರಿ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ತೂಕ ಸುಮಾರು 30 ಟನ್. 1950ರಲ್ಲಿ ಚಾರ್ನಿ, ವಾನ್ ನಾಯ್ಮನ್ ಮೊದಲಾದವರು ಅದರಿಂದ ಹವಾಮಾನದ ಮುನ್ಸೂಚನೆಯನ್ನು ಗಣಿಸಿದರು. ಮುಂದಿನ 24 ಗಂಟೆಗಳ ಸ್ಥಿತಿಯನ್ನು ತಿಳಿಯಲು ಯಂತ್ರಕ್ಕೆ ಹಿಡಿದದ್ದೂ ಸರಿಸುಮಾರು 24 ಗಂಟೆಗಳೇ! ರಂಧ್ರಪತ್ರಗಳನ್ನು ಕೈಯಿಂದ ಎತ್ತಿಡುವುದರಲ್ಲಿಯೇ ಬಹಳ ಹೊತ್ತು ಕಳೆಯುತ್ತಿತ್ತು. ನಾಳೆಯ ಮಳೆ ನಾಳೆ ಸುರಿಯುವ ಹೊತ್ತಿಗೆ ತಿಳಿದುಬರುತ್ತಿತ್ತು. ವಿಜ್ಞಾನಕ್ಕೆ ಅದೊಂದು ಮಹಾವಿಜಯವೇ ಸರಿ. ಹೊಲದಲ್ಲಿದ್ದ ರೈತನಿಗೆ ಅದರಿಂದ ಏನೂ ಒದಗಲಿಲ್ಲ. 2008ರಲ್ಲಿ ಐರ್ಲೆಂಡಿನ ಹವಾಮಾನ ವಿಜ್ಞಾನಿ ಪೀಟರ್ ಲಿಂಚ್ ಅದೇ ಗಣನೆಯನ್ನು ಸಾಧಾರಣವಾದೊಂದು ನೋಕಿಯಾ ಮೊಬೈಲಿನಲ್ಲಿ ನಡೆಸಿದಾಗ ಒಂದು ಸೆಕೆಂಡೂ ಹಿಡಿಯಲಿಲ್ಲವೆಂದು ಪ್ರಕಟಿಸಿದರು.

ಗಣನೆ ಅದೇ. ಆದರೆ ಅರಿವು ಸಂಭವಕ್ಕಿಂತ ಮುಂಚೆ ಬರುವುದಕ್ಕೂ ಜೊತೆಯಲ್ಲಿ ಬರುವುದಕ್ಕೂ ಇರುವ ಅಂತರ ಬರಿಯ ಕಾಲದ ಅಂತರವಲ್ಲ. ಅರಿಯಲು ಉಪಾಯವೇ ಇಲ್ಲದವನನ್ನು ಯಾವ ಧರ್ಮಶಾಸ್ತ್ರವೂ ದೂಷಿಸದು. ವೇಳೆಗೆ ಮುನ್ನವೇ ಅರಿತು ಸುಮ್ಮನಿದ್ದವನಿಗೆ ಆ ವಿನಾಯಿತಿಯಿಲ್ಲ. ಯಂತ್ರದ ವೇಗ ಹೆಚ್ಚಿದಂತೆಲ್ಲ ‘ನಮಗೆ ತಿಳಿದಿರಲಿಲ್ಲ’ ಎಂಬ ನೆಪ ನಮ್ಮ ಕೈತಪ್ಪಿ ಹೋಗುತ್ತಿದೆ. ತಲೆಮಾರುಗಳ ಲೆಕ್ಕವಿಡುವವರು ಈ ನಷ್ಟವನ್ನು, ಅಥವಾ ಲಾಭವನ್ನು, ಎಲ್ಲಿಯೂ ದಾಖಲಿಸಿದಂತೆ ಕಾಣೆ.

1999ರ ಅಕ್ಟೋಬರಿನಲ್ಲಿ ಒಡಿಶಾದ ಕರಾವಳಿಗೆ ಅಪ್ಪಳಿಸಿದ ಮಹಾಚಂಡಮಾರುತದಲ್ಲಿ ಸುಮಾರು 10,000 ಜನ ಮಡಿದರು. ಆಗಲೂ ಮುನ್ಸೂಚನೆ ಇಲ್ಲದೆ ಇರಲಿಲ್ಲ. 2013ರ ಅಕ್ಟೋಬರಿನಲ್ಲಿ ಗೋಪಾಲಪುರದ ಬಳಿ ಫೈಲಿನ್ ಚಂಡಮಾರುತ ದಡ ಮುಟ್ಟುವ ಮುನ್ನ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಸತ್ತವರ ಸಂಖ್ಯೆ ಹತ್ತುಗಳಲ್ಲಿ ನಿಂತಿತು. ಇದರ ಶ್ರೇಯಸ್ಸೆಲ್ಲವನ್ನೂ ಗಣಕಕ್ಕೆ ಅರ್ಪಿಸುವುದು ಅನ್ಯಾಯ. ಯಂತ್ರ ಕೊಟ್ಟದ್ದು ಕೆಲವು ದಿನಗಳ ಅವಧಿ ಮಾತ್ರ. ನಡುವಣ ವರುಷಗಳಲ್ಲಿ ಆಶ್ರಯಮಂದಿರಗಳನ್ನು ಕಟ್ಟಿದವರೂ, ಹಳ್ಳಿಹಳ್ಳಿಯಲ್ಲಿ ಬಾಗಿಲು ತಟ್ಟಿ ಎಬ್ಬಿಸಿದವರೂ, ದನಕರುಗಳನ್ನು ಬಿಟ್ಟುಬರಲೊಲ್ಲದವರ ಮನವೊಲಿಸಿದವರೂ ಮನುಷ್ಯರು. ಆ ಕೆಲಸಕ್ಕೆ ಎರಡನೆಯ, ಮೂರನೆಯ ತಲೆಮಾರೆಂಬುದಿಲ್ಲ. ನಡೆಯಲಾರದ ವೃದ್ಧೆಯೊಬ್ಬಳನ್ನು ಗುಡಿಸಲಿನಿಂದ ಎತ್ತಿಕೊಂಡು ಕೆಸರುದಾರಿಯಲ್ಲಿ ಆಶ್ರಯಮಂದಿರ ಮುಟ್ಟಿಸಲು 1950ರಲ್ಲಿ ಎಷ್ಟು ಹೊತ್ತು ಬೇಕಾಗುತ್ತಿತ್ತೋ ಈಗಲೂ ಅಷ್ಟೇ ಹೊತ್ತು ಬೇಕು.