ಕಥೆಯಲ್ಲಿ ಪಾಪವೂ ಉದ್ಧಾರವೂ

ಕ್ರೈಸ್ತಶ್ರದ್ಧೆಯಿಂದ ಚಾರಿತ್ರಿಕ ಕಾದಂಬರಿಯನ್ನು ಬರೆಯುವವನಿಗೆ ಒಂದು ಧರ್ಮಸಂಕಟವುಂಟು. ನಡೆದ ಕ್ರೌರ್ಯವನ್ನು ಮರೆಮಾಚಿದರೆ ಕಥೆಯು ಸುಳ್ಳಾಗುವುದು. ಕ್ರೌರ್ಯವನ್ನಷ್ಟೇ ಹೇಳಿ ನಿಲ್ಲಿಸಿದರೆ ಶ್ರದ್ಧೆಯು ಮೂಕವಾಗುವುದು. ಆದಕಾರಣ ಅನೇಕರು ಇಷ್ಟು ಕತ್ತಲೆಗೆ ಇಷ್ಟು ಬೆಳಕೆಂದು ವರ್ತಕರಂತೆ ತೂಗಿ, ಕಡೆಯ ಅಧ್ಯಾಯದಲ್ಲಿ ಲೆಕ್ಕವನ್ನು ಸರಿಮಾಡಿಬಿಡುವರು. ಪಾಪಿಯು ಪಶ್ಚಾತ್ತಾಪಪಟ್ಟ ಮಾತ್ರಕ್ಕೆ ನೊಂದವನ ಋಣವು ತೀರಿತೇ ಎಂದು ಕೇಳುವವರು ವಿರಳ.

ಇಟಲಿಯ ಅಲೆಸ್ಸಾಂದ್ರೋ ಮಾಂಝೋನಿಯು ಕೇಳಿದನು. 1827ರಲ್ಲಿ ಪ್ರಕಟವಾಗಿ, 1840-42ರಲ್ಲಿ ಪರಿಷ್ಕೃತವಾಗಿ ಹೊರಬಂದ 'ಇ ಪ್ರೊಮೆಸ್ಸಿ ಸ್ಪೋಸಿ' ಎಂಬ ಅವನ ಕಾದಂಬರಿಯು 1628-30ರ ಮಿಲಾನ್ ಸೀಮೆಯದು. ಹಳ್ಳಿಯವರಾದ ರೆಂಝೋ ಮತ್ತು ಲೂಚೀಯರ ವಿವಾಹವನ್ನು ದೊನ್ ರೊದ್ರಿಗೊ ಎಂಬ ಪ್ರಭುವು ದುರಾಸೆಯಿಂದ ತಡೆಯುತ್ತಾನೆ. ಅವನಿಗಾಗಿ ಲೂಚೀಯಳನ್ನು ಅಪಹರಿಸಿದ ಘಾತುಕನೊಬ್ಬನಿಗೆ ಒಂದು ರಾತ್ರಿ ತನ್ನ ಬಾಳೇ ಭಯಂಕರವಾಗಿ ಕಾಣುತ್ತದೆ. ಅವನು ಕಣ್ಣೀರಿಟ್ಟು ಸುಮ್ಮನಾಗುವುದಿಲ್ಲ. ಸೆರೆಯಲ್ಲಿಟ್ಟ ಹೆಣ್ಣನ್ನು ಬಿಡುಗಡೆಮಾಡುತ್ತಾನೆ. ರೊದ್ರಿಗೊವಿನ ಗತಿಯಾದರೋ ಬೇರೆ. ಪ್ಲೇಗಿನವರ ಆಶ್ರಯದಲ್ಲಿ ಅವನು ಪ್ರಜ್ಞೆಯಿಲ್ಲದೆ ಬಿದ್ದಿರುವಾಗ, ಸೇಡಿನ ಮಾತಾಡುತ್ತ ಬಂದ ರೆಂಝೋ ಸಂನ್ಯಾಸಿಯೊಬ್ಬನ ಬೋಧೆಯಿಂದ ಅವನನ್ನು ಕ್ಷಮಿಸಿ ಪ್ರಾರ್ಥಿಸುತ್ತಾನೆ. ರೊದ್ರಿಗೊ ಉದ್ಧಾರವಾದನೇ? ಗ್ರಂಥಕರ್ತನು ಹೇಳುವುದಿಲ್ಲ.

ಆದರೆ ಅದೇ ಪ್ಲೇಗಿನ ಕಾಲದ ಮತ್ತೊಂದು ವೃತ್ತಾಂತವು ಕಲ್ಪಿತವಲ್ಲ. 1630ರಲ್ಲಿ ಮಿಲಾನಿನ ಹೆಂಗಸರು, ಆರೋಗ್ಯಾಧಿಕಾರಿಯಾದ ಪಿಯಾತ್ಸಾ ಎಂಬಾತನು ಗೋಡೆಗೆ ಕೈಯೊರಸುತ್ತ ಹೋದುದನ್ನು ಕಂಡು, ವಿಷಲೇಪದಿಂದ ರೋಗವನ್ನು ಹಬ್ಬಿಸುತ್ತಿರುವನೆಂದು ಕೂಗಿದರು. ಅವನು ಚಿತ್ರಹಿಂಸೆಗೂ ಪ್ರಾಣದಾನದ ಆಸೆಗೂ ಒಳಗಾಗಿ ಮೋರಾ ಎಂಬ ಕ್ಷೌರಿಕನ ಹೆಸರನ್ನು ಹೇಳಿದನು. ಮೋರಾ ಹಿಂಸೆಯನ್ನು ತಾಳಲಾರದೆ, ತಾನು ಏನನ್ನು ಒಪ್ಪಬೇಕೆಂದು ನ್ಯಾಯಾಧೀಶರನ್ನೇ ಕೇಳಿದನು! ಇಬ್ಬರನ್ನೂ ಕೊಂದರು. ಮೋರಾನ ಮನೆಯನ್ನು ಕೆಡವಿ ಅಲ್ಲಿ ಅಪಕೀರ್ತಿಯ ಸ್ತಂಭವೊಂದನ್ನು ನಿಲ್ಲಿಸಿದರು. ಅದು 1778ರವರೆಗೂ ನಿಂತಿತ್ತು.

ಇದನ್ನು ಕುರಿತು ಹಿಂದೆ ಬರೆದ ಪಿಯೆತ್ರೊ ವೆರ್ರಿಯು ಕಾಲದ ಅಜ್ಞಾನವನ್ನೂ ಚಿತ್ರಹಿಂಸೆಯ ಪದ್ಧತಿಯನ್ನೂ ದೂರಿದ್ದನು. ಮಾಂಝೋನಿಗೆ ಇಷ್ಟು ಸಾಲದು. ಅದೇ ಕಾಲದ ನಂಬಿಕೆ ಮತ್ತು ಶಾಸನಗಳ ನಡುವೆಯೂ ಆ ನ್ಯಾಯಾಧೀಶರು ಸತ್ಯವನ್ನು ಕಾಣಬಹುದಾಗಿತ್ತು. ಕಾಣಲೊಲ್ಲದೆ ಹೋದರು ಎಂಬುದು ಅವನ ವಾದ. ದೋಷವನ್ನೆಲ್ಲ ಕಾಲದ ತಲೆಗೆ ಕಟ್ಟಿದರೆ ಮನುಷ್ಯನು ತಪ್ಪಿಸಿಕೊಳ್ಳುವನು. ಕಡೆಗೆ ಆರೋಪವು ದೇವರನ್ನೇ ಮುಟ್ಟುವುದು.

ಈ ವೃತ್ತಾಂತವನ್ನು ಅವನು ಕಥೆಯೊಳಗೆ ಹೆಣೆಯದೆ, ಬೇರೊಂದು ಗ್ರಂಥವಾಗಿ ಪರಿಷ್ಕೃತ ಕಾದಂಬರಿಯ ಕೊನೆಗೆ ಜೋಡಿಸಿದನು. ಹೆಣೆದಿದ್ದರೆ ವಧೂವರರ ಸುಖವೇ ಮೋರಾನ ಮರಣಕ್ಕೂ ಸಮಾಧಾನವೆಂಬಂತೆ ತೋರುತ್ತಿತ್ತು. ಅನೇಕ ಮುದ್ರಣಗಳು ಈ ಭಾಗವನ್ನು ಬಿಟ್ಟುಬಿಟ್ಟಿರುವುದು ಶೋಚನೀಯ. ಮಾಂಝೋನಿಯು ಅಚ್ಚುಹಾಕಿಸಿದ ಪುಸ್ತಕದಲ್ಲಾದರೋ, ವಿವಾಹದ ಕಥೆ ಮುಗಿಯಿತೆಂದು ಪುಟ ತಿರುವಿದವನಿಗೆ ಕ್ಷೌರಿಕನ ವಿಚಾರಣೆಯು ಎದುರಾಗುತ್ತದೆ.