ಹಲಗಿಯ ಸದ್ದು ಯಾರದು?

ನಾದಕ್ಕೆ ಮೈಲಿಗೆ ಇಲ್ಲ ಎನ್ನುತ್ತಾರೆ. ಹಾಗಾದರೆ ವಾದ್ಯ ಮಾಡಿದ ಕೈಗೆ ಮೈಲಿಗೆ ಎಲ್ಲಿಂದ ಬಂತು? ಹೊಸ ವಾದ್ಯ, ಹೊಸ ಯಂತ್ರ, ಪ್ರಯೋಗ ಎಂಬ ಮಾತು ಬಂದಾಗಲೆಲ್ಲ ನಾವು ಮೊದಲು ಇದನ್ನೇ ಕೇಳಬೇಕಾಗಿದೆ.

1948ರಲ್ಲಿ ಪ್ಯಾರಿಸಿನ ಪಿಯರ್ ಶೆಫರ್ ರೈಲಿನ ಸದ್ದನ್ನು ಮುದ್ರಿಸಿಕೊಂಡು ಅದರಿಂದಲೇ ಸಂಗೀತ ಕಟ್ಟಿದ. ಜಗತ್ತು ಅವನನ್ನು ಪ್ರಯೋಗಶೀಲ ಎಂದಿತು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ಅವರು ಸಂಶೋಧಕರು. ಆಗಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಚೌಡಿಕೆ ಕಂಡುಹಿಡಿದವರು ಯಾರು? ಒಂದು ಕೊಳಗ, ಅದರ ತಳಕ್ಕೆ ತೊಗಲು, ತೊಗಲಿನ ನಡುವಿನಿಂದ ಹೊರಟ ಒಂದೇ ತಂತಿ. ತಂತಿ ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಸಿಂಥಸೈಜರಿನ ತಿರುಗಣಿ ಮಾಡುವ ಕೆಲಸವನ್ನು ಎಲ್ಲಮ್ಮನ ಜೋಗತಿಯರು ಬರಿಗೈಲಿ ಮಾಡಿದರು. ಅದನ್ನು ಕಂಡುಹಿಡಿದವರ ಹೆಸರು ಮಾತ್ರ ಉಳಿಯಲಿಲ್ಲ.

ಹಲಗಿಯೂ ಹಾಗೇ. ಒಂದು ಬಳೆ, ತೊಗಲು, ಎರಡು ಕೋಲು. ತೊಗಲು ತೇವ ಹೀರಿ ಸಡಿಲಾದರೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ತೇವ ಆರಿ, ತೊಗಲು ಬಿಗಿದು, ಸದ್ದು ಖಣಖಣ ಅನ್ನುತ್ತದೆ. ಇದು ವಿಜ್ಞಾನವಲ್ಲದೆ ಮತ್ತೇನು? 'ಜಾತಿಯ ಕಸುಬು' ಅಂದುಬಿಟ್ಟರು, ಮುಗೀತು. ನಿಪ್ಪಾಣಿ, ಅಥಣಿಯಲ್ಲಿ ಚಪ್ಪಲಿಗೆ ಚರ್ಮ ಹದ ಮಾಡಿದವರಿಗೂ ಅದೇ ಬಿರುದು.

ಕಾಗವಾಡ ದಾಟಿದರೆ ಮಿರಜ. ಅಲ್ಲಿ 19ನೇ ಶತಮಾನದಲ್ಲಿ, ಕತ್ತಿ ಮಸೆಯುವ ಕಸುಬಿನ ಶಿಕಲಗಾರರು ತಂಬೂರಿ, ಸಿತಾರ ಮಾಡಲು ನಿಂತರು. ಕೈ ಕಲಿಯುತ್ತದೆ, ಕಸುಬು ಬದಲಾಗುತ್ತದೆ. ಅಂದ ಮೇಲೆ ಯಾವ ವಾದ್ಯವೂ ಯಾರ ಹಣೆಬರಹವೂ ಅಲ್ಲ.

ಇಲ್ಲೇ ಕಷ್ಟದ ಪ್ರಶ್ನೆ. ಈಗ ಹಲಗಿಯ ಸದ್ದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಬೆಂಕಿ ಬೇಡ, ತೊಗಲು ಬೇಡ, ಬಾರಿಸುವವನೂ ಬೇಡ. ನಮ್ಮಲ್ಲೇ ಕೆಲವರು ಅಂತಾರೆ: 'ಚಲೋ ಆತು ಬಿಡ್ರಿ, ಹೆಣದ ಮುಂದ ಬಾರಿಸೂದು ತಪ್ಪಿತು.' ಸುಳ್ಳಲ್ಲ. ಕರೆದಾಗ ಹೋಗಲೇಬೇಕು, ಕೊಟ್ಟಷ್ಟು ತಗೋಬೇಕು ಎಂಬ ಬಿಟ್ಟಿಯ ಹಲಗಿಯನ್ನು ಅಂಬೇಡ್ಕರರ ದಾರಿ ಹಿಡಿದ ಎಷ್ಟೋ ಕೇರಿಗಳು ಕೆಳಗಿಟ್ಟವು. ಆ ಮೌನಕ್ಕೆ ನಾವು ತಲೆಬಾಗುತ್ತೇವೆ. ಇನ್ನು ಕೆಲವರು ಕೇಳ್ತಾರೆ: 'ಹಂಗಾದ್ರ ಹೊಟ್ಟಿಗೆ ಏನ್ ಮಾಡೂದು?' ಅದೂ ಸುಳ್ಳಲ್ಲ.

ಎರಡೂ ಮಾತು ಕೇಳಿ ನಮಗೆ ಅನ್ನಿಸಿದ್ದಿಷ್ಟು. ಯಂತ್ರ ಮೈಲಿಗೆಯನ್ನು ಅಳಿಸಲಿಲ್ಲ, ಸದ್ದನ್ನು ಮನುಷ್ಯನಿಂದ ಬಿಡಿಸಿತು. ಸ್ಪೀಕರಿನಲ್ಲಿ ಹಲಗಿ ಎಲ್ಲಿ ಬೇಕಾದರೂ ಒಳಗೆ ಹೋಗುತ್ತದೆ. ಬಾರಿಸಿದವನು ಹೊಸ್ತಿಲ ಹೊರಗೇ ನಿಂತಿದ್ದರೆ ಅದನ್ನು ಪ್ರಯೋಗ ಎನ್ನಬೇಡಿ, ಕಳವು ಎನ್ನಿ.

ಹಾಗಂತ ಯಂತ್ರ ಒಡೆಯಬೇಕೇ? ಬೇಡ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಭಜನೆಯ ಜನ, ಆಟದ ಜನ ಅದನ್ನು ಬಿಡಲಿಲ್ಲ. ಮುತ್ತು ಕಟ್ಟುವುದನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿತು. ಚೌಡಿಕೆಯ ನಾದವನ್ನು ಯಾರೂ ನಿಷೇಧಿಸಬೇಕಾಗಿಲ್ಲ. ಕೊಳೆ ಇರುವುದು ಬಲವಂತದಲ್ಲಿ.

ಚಿಕ್ಕೋಡಿ, ರಾಯಬಾಗದ ಕೇರಿಯ ಹುಡುಗ ಹುಡುಗಿಯರು ಹಲಗಿಗೆ ಮೈಕು ಕಟ್ಟಲಿ, ಚೌಡಿಕೆಯನ್ನು ಕಂಪ್ಯೂಟರಿಗೆ ಜೋಡಿಸಲಿ, ಮನಸ್ಸಿಲ್ಲದಿದ್ದರೆ ಎರಡನ್ನೂ ಮುಟ್ಟದೆ ಪಿಟೀಲು ಹಿಡಿಯಲಿ. ಬಾರಿಸುವುದಿಲ್ಲ ಎನ್ನುವ ಹಕ್ಕು ಇದ್ದವರು ಬಾರಿಸಿದಾಗಲೇ ಹಲಗಿ ವಾದ್ಯ. ಆ ಹಕ್ಕಿಲ್ಲದಿದ್ದರೆ ಅದು ಬಿಟ್ಟಿ. ತೊಗಲಿನದಾದರೇನು, ಕರೆಂಟಿನದಾದರೇನು?