ಆಟದ ಸುಳ್ಳು ಪಾಪವೇ?

"ಸುಳ್ಳು ಹೇಳಬಾರದು" ಎಂಬುದು ನಾವು ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಆದರೆ ಅದೇ ಮಗು ಹಿತ್ತಲಲ್ಲಿ ತೆಂಗಿನ ಕರಟದಲ್ಲಿ ಮಣ್ಣು ಕಲಸಿ, "ಅನ್ನ ಆಯ್ತು, ಊಟಕ್ಕೆ ಬನ್ನಿ" ಎಂದು ಕರೆದರೆ ನಗುತ್ತೇವೆ. ಇದು ಸುಳ್ಳಲ್ಲವೇ? ಮೊದಲ ಪಾಪನಿವೇದನೆಗೆ ಸಿದ್ಧಳಾಗುತ್ತಿದ್ದ ಹುಡುಗಿಯೊಬ್ಬಳು ಈ ಪ್ರಶ್ನೆಯನ್ನು ಅಜ್ಜಿಗೆ ಹಾಕಿದಳು. "ಹೋಗೇ, ಮಣ್ಣನ್ನು ಯಾರೂ ತಿನ್ನಲಿಲ್ಲವಲ್ಲ!" ಎಂದರು ಅಜ್ಜಿ. ಚಿಕ್ಕ ಉತ್ತರ, ಆದರೆ ಸರಿಯಾದ ಉತ್ತರ. ಆಟದಲ್ಲಿ ಯಾರೂ ಮೋಸ ಹೋಗುವುದಿಲ್ಲ. ಸಂತ ಅಗಸ್ಟೀನರೂ ಸುಳ್ಳಿನ ಕುರಿತ ತಮ್ಮ ಗ್ರಂಥದ ಆರಂಭದಲ್ಲೇ ತಮಾಷೆಯ ಮಾತನ್ನು ಸುಳ್ಳಿನ ಲೆಕ್ಕದಿಂದ ಹೊರಗಿಡುತ್ತಾರೆ. ಆಡುವವನ ದನಿಯಲ್ಲೇ ಮೋಸದ ಉದ್ದೇಶವಿಲ್ಲವೆಂಬುದು ತಿಳಿಯುತ್ತದೆ ಎಂಬುದು ಅವರ ವಾದ.

ಬೇಸಿಗೆ ರಜೆ ಬಂತೆಂದರೆ ನಮ್ಮ ಕೇರಿಯ ಹುಡುಗರು, ಹುಡುಗಿಯರೆಲ್ಲ ಹುಣಸೆಮರದ ಕೆಳಗೆ ಸೇರುತ್ತಿದ್ದೆವು. ಇಟ್ಟಿಗೆಯ ಪುಡಿಯೇ ಖಾರದಪುಡಿ, ಹೊಂಗೆ ಎಲೆಯೇ ದುಡ್ಡು. ಬೊಂಬೆಗೆ ಜ್ಞಾನಸ್ನಾನ ಆಗುತ್ತಿತ್ತು, ಮದುವೆಯೂ ಆಗುತ್ತಿತ್ತು. ಸತ್ತ ಗುಬ್ಬಿಗೆ ಗುಂಡಿ ತೋಡಿ ಕಡ್ಡಿಯ ಶಿಲುಬೆ ನೆಡುತ್ತಿದ್ದೆವು. ಪೂಜೆಯ ಆಟದಲ್ಲಿ ಮಾತ್ರ ದಿನವೂ ಜಗಳ. ಹುಡುಗಿಯರು ಪೀಠಸೇವೆಗೆ ಬಂದರೆ ಹುಡುಗರ ತಕರಾರು. ಬಾಲಕಿಯರೂ ಪೀಠಸೇವೆ ಮಾಡಬಹುದೆಂದು ರೋಮ್ ತಿಳಿಸಿದ್ದು 1994ರಲ್ಲಿ. ನಮ್ಮ ಹುಣಸೆಮರದ ಕೆಳಗೆ ಅವರು ಅದಕ್ಕೆ ಎಷ್ಟೋ ಮೊದಲೇ ಗಂಟೆ ಬಾರಿಸಿಬಿಟ್ಟಿದ್ದರು!

ಯೇಸುಸ್ವಾಮಿಯೂ ಇಂಥ ಆಟಗಳನ್ನು ನೋಡಿದವರೇ. ಪೇಟೆಬೀದಿಯಲ್ಲಿ ಕೂತ ಮಕ್ಕಳು ಒಮ್ಮೆ ಕೊಳಲೂದಿ ಕುಣಿತಕ್ಕೆ ಕರೆದದ್ದು, ಒಮ್ಮೆ ಗೋಳಾಡಿ ಅಳುವಿಗೆ ಕರೆದದ್ದು ಮತ್ತಾಯ, ಲೂಕ ಇಬ್ಬರ ಶುಭಸಂದೇಶದಲ್ಲೂ ಇದೆ. ಸ್ವಾಮಿ ಆ ಮಕ್ಕಳ ಆಟವನ್ನು ಹಳಿಯಲಿಲ್ಲ. ಯಾವ ಕರೆಗೂ ಓಗೊಡದ ತಮ್ಮ ಕಾಲದ ಜನರನ್ನು ಕುರಿತು ಹೇಳಲು ಅದನ್ನೇ ಹೋಲಿಕೆಯಾಗಿ ಎತ್ತಿಕೊಂಡರು.

ಸಂತ ಅಥನಾಸಿಯುಸರ ಬಾಲ್ಯದ ಕತೆಯೊಂದನ್ನು ರುಫೀನುಸ್ ಬರೆದಿಟ್ಟಿದ್ದಾನೆ. ಚರಿತ್ರಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ, ಇರಲಿ. ಅಲೆಕ್ಸಾಂಡ್ರಿಯದ ಸಮುದ್ರ ತೀರದಲ್ಲಿ ಹುಡುಗರು ಆಡುತ್ತಿದ್ದರು. ಬಾಲಕ ಅಥನಾಸಿಯುಸನೇ ಧರ್ಮಾಧ್ಯಕ್ಷ. ಇನ್ನೂ ದೀಕ್ಷೆ ಪಡೆಯದ ಗೆಳೆಯರಿಗೆ ಅವನು ಜ್ಞಾನಸ್ನಾನ ಕೊಡುತ್ತಿದ್ದ. ದೂರದಿಂದ ಇದನ್ನು ಕಂಡ ನಿಜವಾದ ಧರ್ಮಾಧ್ಯಕ್ಷರು ಮಕ್ಕಳನ್ನು ಕರೆಸಿ ವಿಚಾರಿಸಿದರು. ಹೆದರಿದ ಮಕ್ಕಳು ಮೊದಲು ಏನೂ ಇಲ್ಲವೆಂದರು, ಆಮೇಲೆ ಎಲ್ಲವನ್ನೂ ಹೇಳಿದರು. ಕೇಳಬೇಕಾದ ಪ್ರಶ್ನೆ, ಕೊಡಬೇಕಾದ ಉತ್ತರ ಎಲ್ಲವೂ ವಿಧಿಯಂತೆ ನಡೆದಿತ್ತು. ಆ ಮಕ್ಕಳಿಗೆ ಮತ್ತೊಮ್ಮೆ ಜ್ಞಾನಸ್ನಾನ ಬೇಡವೆಂದು ಧರ್ಮಾಧ್ಯಕ್ಷರು ತೀರ್ಮಾನಿಸಿದರಂತೆ.

ಈ ಕತೆಯಲ್ಲಿ ಸುಳ್ಳು ಎಲ್ಲಿದೆ, ನೋಡಿ. ತೀರದ ಮೇಲೆ ನಡೆದದ್ದರಲ್ಲಿ ಇಲ್ಲ. ದೊಡ್ಡವರ ಎದುರು ನಿಂತಾಗ, ಭಯದಿಂದ ಹುಟ್ಟಿತು. ಆಟದಲ್ಲಿ ಮಕ್ಕಳು ನಮಗಿಂತ ಹೆಚ್ಚು ಸತ್ಯವಂತರೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮನೆಯೊಳಗೆ ನಡೆಯುವುದೆಲ್ಲ ಅಲ್ಲಿ ಬಯಲಿಗೆ ಬರುತ್ತದೆ.

ನಮ್ಮ ಗುಂಪಿನಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿನ ಮಗಳೊಬ್ಬಳಿದ್ದಳು. ಮನೆಯಾಟದಲ್ಲಿ ಅವಳಿಗೆ ಯಾವಾಗಲೂ ಕೆಲಸದವಳ ಪಾತ್ರ. ಯಾರೂ ಕೊಡುತ್ತಿರಲಿಲ್ಲ, ಅವಳೇ ಹೋಗಿ ಆ ಜಾಗದಲ್ಲಿ ಕೂರುತ್ತಿದ್ದಳು. ಒಂದು ದಿನ, "ಇವತ್ತು ನಾನು ಅಮ್ಮ" ಎಂದಳು. ಎಲ್ಲರೂ ಒಪ್ಪಿದೆವು. ಸೊಂಟಕ್ಕೆ ಕೈಯಿಟ್ಟು ಕೆಲಸದವಳಾದ ಹುಡುಗಿಗೆ ಹೇಳಿದಳು: "ತಂಗಳನ್ನ ಇದೆ, ತಿನ್ನು. ಒಳಗೆ ಬರಬೇಡ, ಅಲ್ಲೇ ಹಿತ್ತಲಲ್ಲಿ ಕೂತ್ಕೋ." ಮಾತು, ದನಿ, ಕತ್ತು ತಿರುಗಿಸಿದ ರೀತಿ ಎಲ್ಲವೂ ಕೇಳಿ ಕಲಿತದ್ದು. ನಾವು ಬಿದ್ದು ಬಿದ್ದು ನಕ್ಕೆವು. ಜಗಲಿಯ ಮೇಲೆ ಮೇ ತಿಂಗಳ ಮಾತೆಯ ಜಪಕ್ಕೆ ಹೂ ಕಟ್ಟುತ್ತಿದ್ದ ಆ ಮನೆಯಾಕೆಯ ಕೈ ನಿಂತಿತು. ಆಕೆ ನಗಲಿಲ್ಲ, ಗದರಿಸಲೂ ಇಲ್ಲ.

ಮರುದಿನ ಆ ತಾಯಿಗೆ ಅನ್ನ ಎಲ್ಲಿ ಬಡಿಸಿದರೋ ಮಕ್ಕಳಾದ ನಾವು ಗಮನಿಸಲಿಲ್ಲ. ಹುಡುಗಿ ಮಾತ್ರ ಮತ್ತೆಂದೂ ಕೆಲಸದವಳ ಜಾಗದಲ್ಲಿ ಹೋಗಿ ಕೂರಲಿಲ್ಲ.